ಯಾಕುಜಾ ಸಿನಿಮಾ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಸದ್ಯಕ್ಕೆ ಬೇಡ

ಯಾಕುಜಾ, ಅಂದರೆ ಜಪಾನಿನ ಸಂಘಟಿತ ರೌಡಿ ಗುಂಪುಗಳ ಸಿನಿಮಾ ನೋಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಎರಡೇ ಹೆಸರು. ಒಂದು, ಕಿಂಜಿ ಫುಕಸಾಕು ಅವರ 1973ರ 'ಜಿಂಗಿ ನಾಕಿ ತತಕಾಯ್'. ಇನ್ನೊಂದು, ತಕೇಶಿ ಕಿತಾನೊ ಅವರ 1993ರ 'ಸೊನಾಟಿನೆ'. ಎರಡೂ ನೋಡಲೇಬೇಕಾದವು, ಅನುಮಾನವಿಲ್ಲ. ಆದರೆ ಅಲ್ಲಿಂದ ಶುರು ಮಾಡಿದರೆ ಪಂಚಾಯಿತಿಯ ಅರ್ಧಕ್ಕೆ ಬಂದು ಕೂತ ಹಾಗೆ. ಮೊದಲನೆಯದರ ಹೆಸರನ್ನೇ ಬಿಡಿಸಿ ನೋಡಿ: ಜಿಂಗಿ ಇಲ್ಲದ ಕಾಳಗ. ಜಿಂಗಿ ಎಂದರೆ ನಾವು ನಿಯತ್ತು ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ. ಅನ್ನ ಹಾಕಿದವನಿಗೆ, ಮಾತು ಕೊಟ್ಟವನಿಗೆ, ಜೊತೆಗೆ ಬಟ್ಟಲು ಹಂಚಿಕೊಂಡವನಿಗೆ ತಪ್ಪದೆ ನಡೆಯುವುದು. ಅದನ್ನು ಪೂಜೆಯ ಹಾಗೆ ನಂಬಿದ ಹತ್ತು ವರ್ಷದ ಸಿನಿಮಾಗಳು ಹಿಂದಿದ್ದವು. ಅವುಗಳಲ್ಲಿ ಒಂದನ್ನಾದರೂ ನೋಡದೆ ಫುಕಸಾಕು ಮುಂದೆ ಕೂತರೆ ಕಿರುಚಾಟ ಕೇಳಿಸುತ್ತದೆಯೇ ಹೊರತು ಯಾಕೆ ಕಿರುಚುತ್ತಿದ್ದಾರೆ ಅನ್ನುವುದು ತಿಳಿಯುವುದಿಲ್ಲ.

ಹಾಗಾಗಿ ಇಲ್ಲಿ ಸಿನಿಮಾಗಳನ್ನು ಜೋಡಿ ಮಾಡಿ ಹೋಲಿಸಿದ್ದೇವೆ. ಪ್ರತಿ ಜೋಡಿಗೂ ಅಳತೆಗೋಲು ಒಂದೇ: ಈ ಸಿನಿಮಾ ನಿಯತ್ತನ್ನು ನಂಬುತ್ತದೋ, ಅದನ್ನು ನೋಡಿ ನಗುತ್ತದೋ, ಇಲ್ಲಾ ಅದು ಸತ್ತ ಮೇಲೆ ಉಳಿದ ಮನುಷ್ಯನನ್ನು ನೋಡುತ್ತದೋ?

ಕನ್ನಡಿಗರಿಗೆ ಒಂದು ಅನುಕೂಲ

ಯಾಕುಜಾ ಗುಂಪು ನಿಂತಿರುವುದು ನಂಟಸ್ತಿಕೆಯ ಮೇಲೆ. ಮುಖಂಡ ಒಯಾಬುನ್, ಅಂದರೆ ತಂದೆಯ ಸ್ಥಾನದವನು. ಅವನ ಕೆಳಗಿನವರು ಕೊಬುನ್, ಮಕ್ಕಳ ಸ್ಥಾನದವರು. ಹಿರಿಯ ಜೊತೆಗಾರ ಅನಿಕಿ, ನೇರವಾಗಿ 'ಅಣ್ಣ'. ಮುಖಂಡನ ತಮ್ಮನ ಸ್ಥಾನದಲ್ಲಿರುವವನು ಉಳಿದವರಿಗೆಲ್ಲ ಚಿಕ್ಕಪ್ಪ. ಇಂಗ್ಲಿಷ್ ಸಬ್‌ಟೈಟಲ್ ಇವನ್ನೆಲ್ಲ 'ಬಾಸ್', 'ಬ್ರದರ್', 'ಅಂಕಲ್' ಎಂದು ಚಪ್ಪಟೆ ಮಾಡುತ್ತದೆ. ಓದುವಾಗ ಮನಸ್ಸಿನಲ್ಲೇ ಅಪ್ಪ, ಅಣ್ಣ, ಚಿಕ್ಕಪ್ಪ ಎಂದು ತಿದ್ದಿಕೊಳ್ಳಿ, ಅರ್ಧ ಗೊಂದಲ ಕರಗುತ್ತದೆ. ಯಾರು ಯಾರಿಗೆ ತಲೆ ಬಾಗಬೇಕು, ಯಾರ ಎದುರು ಸಿಟ್ಟು ನುಂಗಬೇಕು ಅನ್ನುವುದು ತನ್ನಿಂದ ತಾನೇ ಗೊತ್ತಾಗುತ್ತದೆ.

ಅಣ್ಣತಮ್ಮಂದಿರಲ್ಲೂ ಲೆಕ್ಕವಿದೆ. ಐದಕ್ಕೆ ಐದರ ಅಣ್ಣತಮ್ಮಂದಿರು ಸಮಾನರು. ನಾಲ್ಕಕ್ಕೆ ಆರು ಎಂದರೆ ಒಬ್ಬ ತುಸು ಮೇಲೆ. ಈ ನಂಟು ಕಟ್ಟುವುದು ಸಾಕೆ, ಅಂದರೆ ಅಕ್ಕಿಯ ಮದ್ಯ, ತುಂಬಿದ ಪುಟ್ಟ ಬಟ್ಟಲಿನಿಂದ. ಕುಡಿದು, ಬಟ್ಟಲನ್ನು ಕಾಗದದಲ್ಲಿ ಸುತ್ತಿ ಎದೆಯ ಬಳಿ ಇಟ್ಟುಕೊಂಡರೆ ಮುಗಿಯಿತು. ಆ ಬಟ್ಟಲನ್ನು ವಾಪಸ್ ಕೊಟ್ಟರೆ ನಂಟು ಹರಿದ ಹಾಗೆ. ತಪ್ಪಾದಾಗ ಕಿರುಬೆರಳ ತುದಿ ಕತ್ತರಿಸಿ ಕೊಡುವುದು ಕ್ಷಮೆ ಕೇಳುವ ಕ್ರಮ. ಕತ್ತಿಯ ಹಿಡಿತಕ್ಕೆ ಕಿರುಬೆರಳು ಮುಖ್ಯ. ಅದು ಹೋದಷ್ಟೂ ಮನುಷ್ಯ ಗುಂಪನ್ನೇ ನಂಬಿ ಬದುಕಬೇಕಾಗುತ್ತದೆ. ಇನ್ನು ಯಾಕುಜಾ ಎಂಬ ಹೆಸರು ಬಂದಿರುವುದು ಓಯಿಚೊ ಕಬು ಎಂಬ ಎಲೆಯಾಟದಿಂದ. ಎಲೆಗಳನ್ನು ಕೂಡಿ ಕೊನೆಯ ಅಂಕಿಯನ್ನಷ್ಟೇ ಲೆಕ್ಕ ಹಿಡಿಯುವ ಆಟ ಅದು. 8, 9, 3 ಬಂದರೆ ಮೊತ್ತ 20, ಕೈಗೆ ಸೊನ್ನೆ. ಯಾ, ಕು, ಜಾ ಅಂದರೆ ಆ ಮೂರು ಅಂಕಿಗಳೇ. ಕೆಲಸಕ್ಕೆ ಬಾರದ ಎಲೆ ಎಂದು ತಮ್ಮನ್ನು ತಾವೇ ಕರೆದುಕೊಂಡವರು ಇವರು.

ಒಬ್ಬನೇ ಬರಹಗಾರ, ಎರಡು ಸಿನಿಮಾ

1960ರ ದಶಕದಲ್ಲಿ ತೋಯೆ ಎಂಬ ಸ್ಟುಡಿಯೊ ಸಾಲು ಸಾಲಾಗಿ ತೆಗೆದ ಯಾಕುಜಾ ಸಿನಿಮಾಗಳಿಗೆ ನಿಂಕ್ಯೊ ಸಿನಿಮಾ ಎಂದು ಹೆಸರು. ಕಥೆ ಹೆಚ್ಚು ಕಡಿಮೆ ಒಂದೇ ಅಚ್ಚಿನದು. ಕಾಲ ಎರಡನೇ ಮಹಾಯುದ್ಧಕ್ಕೆ ಮೊದಲಿನದು. ಕಿಮೊನೊ ತೊಟ್ಟ ಹಳೆಯ ಕಾಲದ ಒಳ್ಳೆಯ ಗುಂಪು, ಅದರ ಎದುರು ಸೂಟು ತೊಟ್ಟ, ದುಡ್ಡಿನ ಹಸಿವಿನ ಹೊಸ ಗುಂಪು. ನಾಯಕ ಎಂಬತ್ತು ನಿಮಿಷ ಅವಮಾನ ಸಹಿಸುತ್ತಾನೆ. ಕೊನೆಯ ಹತ್ತು ನಿಮಿಷಕ್ಕೆ ಕತ್ತಿ ಹಿಡಿದು, ಒಬ್ಬನೇ ಅಥವಾ ಒಬ್ಬ ಜೊತೆಗಾರನೊಡನೆ, ಶತ್ರುವಿನ ಮನೆಯ ಕಡೆ ನಡೆಯುತ್ತಾನೆ. ಹೊಡೆದಾಟಕ್ಕಿಂತ ಹಿಂದಿನ ಆ ತಾಳ್ಮೆಯೇ ಇಲ್ಲಿ ರಸ. ಇದು ಗೊತ್ತಿಲ್ಲದೆ 'ಏನೂ ಆಗುತ್ತಿಲ್ಲವಲ್ಲ' ಎಂದು ನಲವತ್ತನೇ ನಿಮಿಷಕ್ಕೆ ಎದ್ದು ಹೋಗುವವರೇ ಹೆಚ್ಚು.

ಈ ಅಚ್ಚಿನಲ್ಲಿ ಒಂದನ್ನೇ ಆರಿಸಬೇಕೆಂದರೆ 1968ರ 'ಬಕುಚಿ ಉಚಿ: ಸೋಚೋ ತೊಬಾಕು'. ಇಂಗ್ಲಿಷಿನಲ್ಲಿ 'ಬಿಗ್ ಗ್ಯಾಂಬ್ಲಿಂಗ್ ಸೆರೆಮನಿ' ಎಂದು ಹುಡುಕಿ. ನಿರ್ದೇಶನ ಕೋಸಾಕು ಯಮಶಿತ, ಅವಧಿ 95 ನಿಮಿಷ. ಕಥೆ 1934ರ ಟೋಕಿಯೊದ್ದು. ಮುಖಂಡ ಕಾಯಿಲೆ ಬಿದ್ದಿದ್ದಾನೆ, ಮುಂದಿನ ಗದ್ದುಗೆ ಯಾರಿಗೆ? ಕೋಜಿ ತ್ಸುರುತ ಮಾಡಿರುವ ನಕಾಯ್‌ಗೆ ಎಲ್ಲರೂ ಒಪ್ಪುತ್ತಾರೆ, ಆದರೆ ತಾನು ಬೇರೆ ಗುಂಪಿನಿಂದ ಬಂದವನು ಎಂದು ಅವನೇ ಬೇಡವೆನ್ನುತ್ತಾನೆ. ಜೈಲಿನಲ್ಲಿರುವ, ತನ್ನೊಡನೆ ಬಟ್ಟಲು ಹಂಚಿಕೊಂಡ ಜೊತೆಗಾರನ ಹೆಸರು ಹೇಳುತ್ತಾನೆ. ಗುಂಪು ಆರಿಸುವುದು ಮೂರನೆಯವನನ್ನು, ಮುಖಂಡನ ಅಳಿಯನನ್ನು. ಇಲ್ಲಿಂದ ಮುಂದೆ ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಸರಿಯಾದದ್ದನ್ನೇ ಮಾಡುತ್ತಾನೆ, ಪ್ರತಿಯೊಂದು ಸರಿಯೂ ಇನ್ನೊಬ್ಬನನ್ನು ಕೊಲ್ಲುತ್ತದೆ. ಕಾದಂಬರಿಕಾರ ಯುಕಿಯೊ ಮಿಶಿಮ ಇದನ್ನು ಗ್ರೀಕ್ ದುರಂತ ನಾಟಕಕ್ಕೆ ಹೋಲಿಸಿ ಹೊಗಳಿದ್ದು ಸುಮ್ಮನೆ ಅಲ್ಲ. ಕೊನೆಯ ನಿಮಿಷಗಳಲ್ಲಿ ನಕಾಯ್ ಆಡುವ ಒಂದು ಮಾತಿಗೆ ಕಿವಿಗೊಡಿ. ಹತ್ತು ವರ್ಷದ ಇಡೀ ಪರಂಪರೆ ಆ ಒಂದು ಸಾಲಿನಲ್ಲಿ ತನ್ನ ಬಟ್ಟಲನ್ನು ತಾನೇ ವಾಪಸ್ ಕೊಡುತ್ತದೆ.

ಆ ಸಾಲು ಬರೆದವರು ಕಜುವೊ ಕಸಹರ. ಐದು ವರ್ಷದ ನಂತರ 'ಜಿಂಗಿ ನಾಕಿ ತತಕಾಯ್' ಬರೆದವರೂ ಅವರೇ. ಇನ್ನೂ ಒಂದು ಕೊಂಡಿ ಇದೆ. 1968ರಲ್ಲಿ ತೆರೆಮರೆಯ ಸಂಚುಗಾರನಾಗಿ ಬರುವ ನೊಬುವೊ ಕನೆಕೊ, 1973ರಲ್ಲಿ ಯಮಮೊರಿ ಎಂಬ ಮುಖಂಡನಾಗುತ್ತಾರೆ. ಅತ್ತು ಕರೆದು, ಕಾಲು ಹಿಡಿದು, ಮಕ್ಕಳ ಸ್ಥಾನದವರನ್ನು ಒಬ್ಬೊಬ್ಬರನ್ನಾಗಿ ಸಾವಿಗೆ ಕಳಿಸಿ, ಖರ್ಚಿನ ಚೀಟಿ ಮಾತ್ರ ಜೋಪಾನ ಮಾಡುವ ಮುದುಕ. ಹಳೆಯ ಸಿನಿಮಾದಲ್ಲಿ ಇಂಥವನಿಗೆ ಕೊನೆಯಲ್ಲಿ ಕತ್ತಿ ಕಾದಿರುತ್ತಿತ್ತು. ಹೊಸದರಲ್ಲಿ ಅವನೇ ಎಲ್ಲರಿಗಿಂತ ಹೆಚ್ಚು ಕಾಲ ಬಾಳುತ್ತಾನೆ. ಎರಡನ್ನೂ ಒಂದೇ ವಾರದಲ್ಲಿ ನೋಡಿದವರಿಗೆ ಈ ಮುಖದ ಪುನರಾಗಮನವೇ ಒಂದು ಪಾಠ.

'ಜಿಂಗಿ ನಾಕಿ ತತಕಾಯ್' 99 ನಿಮಿಷದ್ದು. ಹಿರೊಶಿಮದ ಅಣುಬಾಂಬಿನ ಹೊಗೆಯಿಂದ ಶುರುವಾಗಿ, ಯುದ್ಧ ಮುಗಿದ ಮಾರನೇ ವರ್ಷದ ಕುರೆ ಬಂದರಿನ ಕಾಳಸಂತೆಗೆ ಇಳಿಯುತ್ತದೆ. ಬುಂತ ಸುಗವಾರ ಇಲ್ಲಿ ಸೈನ್ಯದಿಂದ ವಾಪಸಾದ ಶೋಜೊ ಹಿರೊನೊ. ಮೂಲ, ಕೋಜೊ ಮಿನೊ ಎಂಬ ನಿಜವಾದ ಮಾಜಿ ಯಾಕುಜಾ ಬರೆದಿಟ್ಟ ನೆನಪುಗಳು. ಅವನ್ನು ಆಧರಿಸಿ ಕೋಯಿಚಿ ಈಬೊಶಿ ಪತ್ರಿಕೆಯಲ್ಲಿ ಧಾರಾವಾಹಿ ಬರೆದರು. ಇದು ಕನ್ನಡದ ಓದುಗರಿಗೆ ಹೊಸ ದಾರಿಯಲ್ಲ. ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಪುಸ್ತಕದಿಂದ 2007ರಲ್ಲಿ 'ಆ ದಿನಗಳು' ಸಿನಿಮಾ ಬಂದದ್ದೂ ಹೀಗೇ, ಒಳಗಿದ್ದವನ ಲೇಖನಿಯಿಂದ. ಒಳಗಿದ್ದವನು ಬರೆದಾಗ ರೌಡಿ ದೇವರೂ ಆಗುವುದಿಲ್ಲ, ರಾಕ್ಷಸನೂ ಆಗುವುದಿಲ್ಲ. ಹೆದರಿದ, ಸಾಲ ಮಾಡಿದ, ಗುರಿ ತಪ್ಪಿದ ಮನುಷ್ಯನಾಗುತ್ತಾನೆ. ಫುಕಸಾಕು ಸಿನಿಮಾದಲ್ಲಿ ಕೊಲ್ಲುವವನ ಕೈ ನಡುಗುವುದನ್ನು ಗಮನಿಸಿ. ಒಂದೇ ಏಟಿಗೆ ಯಾರೂ ಸಾಯುವುದಿಲ್ಲ.

ಸೋಲುವುದು ಎಲ್ಲಿ? ಹೆಸರುಗಳಲ್ಲಿ. ಮೊದಲ ಹತ್ತು ನಿಮಿಷದಲ್ಲಿ ಹೊಸ ಹೊಸ ಮುಖ, ಚಿತ್ರ ನಿಂತು ಹೆಸರು, ಹುದ್ದೆ ಮೂಡುತ್ತವೆ. ಎಲ್ಲವನ್ನೂ ನೆನಪಿಡಲು ಹೋಗಬೇಡಿ. ಮೂರೇ ಸಾಕು: ಹಿರೊನೊ, ಯಮಮೊರಿ, ಮತ್ತು ಹಿರೊಕಿ ಮತ್ಸುಕತ ಮಾಡಿರುವ ಸಕಾಯ್. ಉಳಿದವರು ಯಮಮೊರಿ ಪರವೋ ವಿರುದ್ಧವೋ ಎಂದಷ್ಟೇ ನೋಡಿಕೊಂಡರೆ ಕಥೆ ಕೈ ತಪ್ಪುವುದಿಲ್ಲ. ಮಾತು ಹಿರೊಶಿಮದ ಆಡುಭಾಷೆ. ಒರಟು, ರಾಗವಾದ ಆ ಮಾತನ್ನು ಸಬ್‌ಟೈಟಲ್ ಹಿಡಿಯುವುದು, ಧಾರವಾಡದ ಬೈಗುಳವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದ ಹಾಗೆ. ಹಾಗಾಗಿ ಧ್ವನಿ ತುಸು ಜಾಸ್ತಿಯೇ ಇಟ್ಟು ನೋಡಿ.

ಐದು ಭಾಗ: ಎಲ್ಲಿ ನಿಲ್ಲಿಸಬೇಕು

1973ರ ಜನವರಿಯಿಂದ 1974ರ ಜೂನ್ ಒಳಗೆ ಐದು ಭಾಗ ಬಂದವು. ಒಂದೂವರೆ ವರ್ಷಕ್ಕೆ ಐದು! ಈ ಅವಸರದ ಬಿಸಿ ಕ್ಯಾಮೆರಾದಲ್ಲಿ ಕಾಣುತ್ತದೆ, ಅದರ ಬೆಲೆಯನ್ನು ನೋಡುವವರು ತೆರಬೇಕಾಗುತ್ತದೆ. ಮೊದಲ ಭಾಗದಲ್ಲಿ ಸತ್ತ ನಟ ಮೂರನೆಯದರಲ್ಲಿ ಬೇರೆ ಪಾತ್ರವಾಗಿ ಎದ್ದು ಬರುತ್ತಾನೆ. ತತ್ಸುವೊ ಉಮೆಮಿಯ ಮೊದಲ ಭಾಗದಲ್ಲಿ ವಕಸುಗಿ, ಮೂರನೆಯದರಲ್ಲಿ ಇವಾಯ್. ಮತ್ಸುಕತ ಮೊದಲ, ನಾಲ್ಕನೆಯ, ಐದನೆಯ ಭಾಗಗಳಲ್ಲಿ ಮೂರು ಬೇರೆ ಬೇರೆ ಮನುಷ್ಯರು. ಇದಕ್ಕೆ ತಿರುಗಾ ಮುರುಗಾ ಇನ್ನೊಂದಿದೆ: ಎರಡನೆಯ ಭಾಗದಲ್ಲಿ ಸೋನಿ ಚಿಬಾ ಮಾಡಿದ ಓತೊಮೊ ಪಾತ್ರವನ್ನು ಐದರಲ್ಲಿ ಜೋ ಶಿಶಿದೊ ಮಾಡಿದ್ದಾರೆ. 'ಇವನು ಸತ್ತಿರಲಿಲ್ಲವೇ' ಎಂದು ಯಾವುದಾದರೂ ನಟನನ್ನು ನೋಡಿ ಹಿಂದಕ್ಕೆ ಹೋಗಿ ಹುಡುಕಬೇಡಿ, ಸತ್ತಿದ್ದು ನಿಜ, ಇದು ಅದೇ ನಟನ ಬೇರೆ ಪಾತ್ರ.

ಎರಡನೆಯ ಭಾಗ 'ಹಿರೊಶಿಮ ಡೆತ್ ಮ್ಯಾಚ್' ಪಕ್ಕದ ಕಥೆ. ಹಿರೊನೊ ಅಲ್ಲಿ ಆಗಾಗ ಇಣುಕುತ್ತಾನೆ ಅಷ್ಟೆ. ಅವಸರವಿದ್ದರೆ ಬಿಡಬಹುದು ಎಂದು ಕೆಲವರು ಹೇಳುತ್ತಾರೆ, ನಾವು ಒಪ್ಪುವುದಿಲ್ಲ. ಕಿನ್ಯ ಕಿತಾವೊಜಿ ಮಾಡಿರುವ ಯಮನಕ ಎಂಬ ಹುಡುಗ ನಿಯತ್ತನ್ನು ನಿಜವಾಗಿ ನಂಬಿದವನು, ಅವನನ್ನು ಗುಂಪು ಬಳಸಿ ಬಿಸಾಡುವ ಕಥೆ ಐದರಲ್ಲೇ ಹೆಚ್ಚು ನೋಯಿಸುವಂಥದ್ದು. ಮೂರು ಮತ್ತು ನಾಲ್ಕು ಒಂದೇ ಕಥೆಯ ಎರಡು ತುಂಡು. ಮೂರನ್ನು ನೋಡಿ ತಿಂಗಳು ಬಿಟ್ಟು ನಾಲ್ಕಕ್ಕೆ ಹೋದರೆ ಯಾರ ಮೈತ್ರಿ ಯಾರೊಡನೆ ಎಂದು ಒಂದೂ ನೆನಪಿರುವುದಿಲ್ಲ. ಅವೆರಡನ್ನು ಒಂದೇ ಶನಿವಾರ-ಭಾನುವಾರದಲ್ಲಿ ಮುಗಿಸಿ. ನಾಲ್ಕರ ಕೊನೆಯಲ್ಲಿ ಇಬ್ಬರು ಕೈದಿಗಳು ಚಳಿ ಹೊಡೆಯುವ ಓಣಿಯಲ್ಲಿ ನಡುಗುತ್ತ ನಿಂತು, ಮುಖಂಡನಿಗೆ ಒಂದೂವರೆ ವರ್ಷ, ತಮ್ಮಲ್ಲೊಬ್ಬನಿಗೆ ಏಳು ವರ್ಷ ಎಂದು ಲೆಕ್ಕ ಹಾಕುತ್ತಾರೆ. ಕಸಹರ ಪಾಲಿಗೆ ಕಥೆ ಅಲ್ಲಿಗೆ ಮುಗಿದಿತ್ತು. ಐದನೆಯದನ್ನು ಬರೆದವರು ಕೋಜಿ ತಕದ. ನೀವೂ ಅಲ್ಲೇ ನಿಲ್ಲಿಸಬಹುದು, ನಷ್ಟವಿಲ್ಲ.

ಒಂದು ಎಚ್ಚರಿಕೆ. 1974ರಿಂದ 1976ರವರೆಗೆ ಬಂದ 'ಶಿನ್ ಜಿಂಗಿ ನಾಕಿ ತತಕಾಯ್' ಎಂಬ ಮೂರು ಸಿನಿಮಾಗಳು ಇದರ ಮುಂದುವರಿಕೆ ಅಲ್ಲ. ನಿರ್ದೇಶಕರು ಅವರೇ, ಬುಂತ ಸುಗವಾರ ಅವರೇ, ಕಥೆ ಮಾತ್ರ ಬೇರೆ ಬೇರೆ. ಇಂಗ್ಲಿಷಿನಲ್ಲಿ 'ನ್ಯೂ ಬ್ಯಾಟಲ್ಸ್' ಎಂದಿದ್ದರೆ ಅದು ಇದು. ಮೂಲ ಐದರ ಇಂಗ್ಲಿಷ್ ಹೆಸರು 'ಬ್ಯಾಟಲ್ಸ್ ವಿದೌಟ್ ಆನರ್ ಅಂಡ್ ಹ್ಯುಮ್ಯಾನಿಟಿ', ಕೆಲವು ಡಿವಿಡಿಗಳಲ್ಲಿ 'ದಿ ಯಾಕುಜಾ ಪೇಪರ್ಸ್'.

ಕಣ್ಣಿಗೆ ಹಬ್ಬ ಬೇಕೆಂದರೆ

ಕಥೆಗಿಂತ ಚೌಕಟ್ಟು, ಬಣ್ಣ, ನೆರಳು ಇಷ್ಟಪಡುವವರಿಗೆ ಇಬ್ಬರು ನಿರ್ದೇಶಕರು: ಸೈಜುನ್ ಸುಝುಕಿ ಮತ್ತು ಮಸಹಿರೊ ಶಿನೊದ. ಸುಝುಕಿ ಅವರ 1966ರ 'ಟೋಕಿಯೊ ಡ್ರಿಫ್ಟರ್' ಒಂದೂವರೆ ಗಂಟೆಗೂ ಕಡಿಮೆ. ತಿಳಿನೀಲಿ ಸೂಟು, ಹಳದಿ ಕ್ಲಬ್ಬು, ನಡುನಡುವೆ ನಾಯಕ ತೆತ್ಸುಯ ವತಾರಿ ಹಾಡುವ ಶೀರ್ಷಿಕೆ ಗೀತೆ. ಕಥೆ ತೆಳ್ಳಗೆ, ಬೇಕಂತಲೇ. 1967ರ 'ಬ್ರಾಂಡೆಡ್ ಟು ಕಿಲ್' ಕಪ್ಪು ಬಿಳುಪು, 91 ನಿಮಿಷ. ದೇಶದ ಮೂರನೇ ನಂಬರಿನ ಬಾಡಿಗೆ ಕೊಲೆಗಾರನಿಗೆ ಬೇಯುವ ಅನ್ನದ ವಾಸನೆ ಕಂಡರೆ ಹುಚ್ಚು. ಬಂದೂಕಿನ ನಳಿಗೆಯ ಮೇಲೆ ಚಿಟ್ಟೆ ಕೂತು ಗುರಿ ತಪ್ಪುತ್ತದೆ, ಅಲ್ಲಿಂದ ಅವನ ಬಾಳು ಹಳಿ ತಪ್ಪುತ್ತದೆ. ಇದು ಅರ್ಥವಾಗುವುದಿಲ್ಲ ಎಂದು ನಿಕ್ಕತ್ಸು ಸ್ಟುಡಿಯೊ ಸುಝುಕಿ ಅವರನ್ನು ಕೆಲಸದಿಂದ ತೆಗೆಯಿತು. ಅವರು ಕೋರ್ಟಿಗೆ ಹೋದರು, ರಾಜಿಯಾಯಿತು, ಆದರೂ 1977ರವರೆಗೆ ಯಾವ ಸ್ಟುಡಿಯೊವೂ ಅವರಿಗೆ ಸಿನಿಮಾ ಕೊಡಲಿಲ್ಲ. ಎರಡರಲ್ಲಿ ಮೊದಲು 'ಟೋಕಿಯೊ ಡ್ರಿಫ್ಟರ್' ನೋಡಿ. ಅದರ ತರಲೆ ಒಗ್ಗದಿದ್ದರೆ ಇನ್ನೊಂದು ಖಂಡಿತ ಒಗ್ಗುವುದಿಲ್ಲ.

ಶಿನೊದ ಅವರ 1964ರ 'ಕವಾಯ್ತ ಹನ', ಇಂಗ್ಲಿಷಿನಲ್ಲಿ 'ಪೇಲ್ ಫ್ಲವರ್', ಇದಕ್ಕೆ ತದ್ವಿರುದ್ಧ. ಮೂರು ವರ್ಷ ಜೈಲಿನಲ್ಲಿದ್ದು ಹೊರಬಂದ ಯಾಕುಜಾ, ಜೂಜಿನ ಮನೆಯಲ್ಲಿ ಸಿಗುವ ಹುಡುಗಿ, ಇಬ್ಬರಿಗೂ ಬದುಕು ಬೇಸರ. ಜೂಜಿನ ದೃಶ್ಯಗಳೇ ಇದರ ಜೀವ. ಎಲೆ ಕಲಸುವ ಸದ್ದಿನ ಜೊತೆ ಸಂಗೀತಗಾರ ತೋರು ತಕೆಮಿತ್ಸು ಟ್ಯಾಪ್ ಕುಣಿತದ ಹೆಜ್ಜೆ ಸದ್ದನ್ನು ಬೆರೆಸಿದ್ದಾರೆ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ. ಆಟದ ನಿಯಮ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಹಂಚುವವನು ಒಂದು ಎಲೆ ಬಟ್ಟೆಯಡಿ ಮುಚ್ಚಿಡುತ್ತಾನೆ, ಆರರಲ್ಲಿ ಯಾವುದೆಂದು ಉಳಿದವರು ಊಹಿಸಬೇಕು, ಅಷ್ಟೆ. ನಿಯತ್ತಿನ ಪ್ರಶ್ನೆಗೆ ಈ ಸಿನಿಮಾದ ಉತ್ತರ ವಿಚಿತ್ರ: ನಂಬಿಕೆಯೂ ಇಲ್ಲ, ನಗುವೂ ಇಲ್ಲ. ಕೊಲ್ಲುವುದಕ್ಕೆ ಯಾರಾದರೂ ಹೋಗಬೇಕು, ನಾನೇ ಹೋಗುತ್ತೇನೆ ಅನ್ನುವಷ್ಟು ಬರಿದು. ಒಬ್ಬರೇ, ರಾತ್ರಿ ನೋಡುವ ಸಿನಿಮಾ. ನಿರ್ದೇಶಕ ಅಕಿರ ಕುರೊಸಾವ ಅಭಿಮಾನಿಗಳು ಅವರ, ಇದಕ್ಕೂ ಮೊದಲಿನ 'ಡ್ರಂಕನ್ ಏಂಜೆಲ್' ನೋಡಬಹುದು. 1948ರದು, ಕೊಳಚೆ ಹೊಂಡದ ಪಕ್ಕದ ಕುಡುಕ ಡಾಕ್ಟರು ಮತ್ತು ಕ್ಷಯ ಹಿಡಿದ ರೌಡಿ. ತೋಶಿರೊ ಮಿಫುನೆ ಕುರೊಸಾವ ಜೊತೆ ಮಾಡಿದ ಮೊದಲ ಸಿನಿಮಾ ಅದು. ಯುದ್ಧದ ಮಾರನೇ ವರ್ಷಗಳಲ್ಲೇ ನಿಯತ್ತಿನ ಮಾತೆಲ್ಲ ಪೊಳ್ಳು ಎಂದು ಹೇಳಿ ಮುಗಿಸಿತ್ತು.

ಒಂದೇ ಹೆಸರಿನ ಎರಡು ಸ್ಮಶಾನ

'ಗ್ರೇವ್‌ಯಾರ್ಡ್ ಆಫ್ ಆನರ್' ಎಂದು ಹುಡುಕಿದರೆ ಎರಡು ಸಿಗುತ್ತವೆ. ಫುಕಸಾಕು ಅವರದು 1975ರದು, 94 ನಿಮಿಷ. ತಕಾಶಿ ಮೀಕೆ ಅವರದು 2002ರದು, ಎರಡು ಗಂಟೆಗೂ ಹೆಚ್ಚು. ಫುಕಸಾಕು ಅವರದು ಯುದ್ಧಾನಂತರದ ಟೋಕಿಯೊದಲ್ಲಿ ನಿಜವಾಗಿ ಬದುಕಿದ್ದ ರಿಕಿಯೊ ಇಶಿಕಾವ ಎಂಬವನ ಕಥೆ. ಒಯಾಬುನ್ ಮೇಲೇ ಕೈ ಮಾಡಿದವನು, ನೆರಳು ಕೊಟ್ಟವರನ್ನೆಲ್ಲ ಕಚ್ಚಿದವನು. ವತಾರಿ ಈ ಪಾತ್ರಕ್ಕೆ ಒಂದು ಕಣದಷ್ಟೂ ಅನುಕಂಪ ಬೇಡುವುದಿಲ್ಲ. ಮೀಕೆ ಅದೇ ಎಲುಬಿನ ಮೇಲೆ ಜಪಾನಿನ ಆರ್ಥಿಕ ಉಬ್ಬರ ಒಡೆದ ಕಾಲದ ಮಾಂಸ ಕೂರಿಸಿದ್ದಾರೆ. ಹಳೆಯದರಲ್ಲಿ ಹುಚ್ಚಿಗೆ ಹಸಿವು ಮತ್ತು ಸೋತ ದೇಶದ ಹಿನ್ನೆಲೆ ಇದೆ. ಹೊಸದರಲ್ಲಿ ಹೊಟ್ಟೆ ತುಂಬಿದೆ, ಹುಚ್ಚು ಹಾಗೇ ಇದೆ. ಹೆದರಿಕೆ ಹುಟ್ಟಿಸುವುದರಲ್ಲಿ ಎರಡನೆಯದು ಮುಂದು, ಸಿನಿಮಾವಾಗಿ ಮೊದಲನೆಯದು.

ಮೀಕೆ ಅವರ ಹೆಸರು ಹೇಳಿದ ಕೂಡಲೇ ಎಲ್ಲರೂ 'ಇಚಿ ದಿ ಕಿಲ್ಲರ್' ಕೇಳುತ್ತಾರೆ. 2001ರದು, ಕಾಮಿಕ್ಸ್ ಮೂಲದ್ದು. ಚಿತ್ರಹಿಂಸೆ, ಹೆಂಗಸರ ಮೇಲಿನ ಕ್ರೌರ್ಯ ಯಾವ ಮಟ್ಟದ್ದೆಂದರೆ ಬ್ರಿಟನ್ನಿನ ಸೆನ್ಸಾರ್ ಮೂರು ನಿಮಿಷಕ್ಕೂ ಹೆಚ್ಚು ಕತ್ತರಿಸಿತು. ಇದನ್ನು ಯಾಕುಜಾ ಸಿನಿಮಾ ಎಂದು ಮೊದಲು ನೋಡಿ ಆ ಕಡೆ ತಲೆ ಹಾಕದವರು ಬಹಳ ಮಂದಿ. ಸದ್ಯಕ್ಕೆ ಬೇಡ. ಮೀಕೆ ಬೇಕೇ ಬೇಕೆಂದರೆ 1997ರ 'ರೇನಿ ಡಾಗ್'. ತೈಪೆಯಲ್ಲಿ ಸಿಕ್ಕಿಕೊಂಡ ಜಪಾನಿ ಕೊಲೆಗಾರ, ಅವನ ಹಿಂದೆ ಬೀಳುವ ಮಾತಾಡದ ಹುಡುಗ, ಬಿಡದ ಮಳೆ. ನಮ್ಮ ಮಲೆನಾಡಿನ ಆಷಾಢದ ಹಾಗೆ ಜಡಿಯುವ ಮಳೆಯಲ್ಲಿ ಹಿಂಸೆಗಿಂತ ಒಂಟಿತನವೇ ನೆನಪುಳಿಯುತ್ತದೆ.

ಕಿತಾನೊ: ಸಮುದ್ರವೋ, ಮೀಟಿಂಗೋ

'ಸೊನಾಟಿನೆ' 94 ನಿಮಿಷ. ಟೋಕಿಯೊದ ದಣಿದ ಯಾಕುಜಾ ಮುರಕಾವ, ಜಗಳ ಬಗೆಹರಿಸಲೆಂದು ಓಕಿನಾವಕ್ಕೆ ಹೋಗುತ್ತಾನೆ. ಅದು ಬಲೆ. ಗುಂಪು ಸಮುದ್ರದಂಡೆಯ ಮನೆಯಲ್ಲಿ ಅಡಗಿ ಕೂರುತ್ತದೆ. ಆಮೇಲೆ? ಮರಳಿನಲ್ಲಿ ಸುಮೊ ಆಡುತ್ತಾರೆ, ಹಳ್ಳ ತೋಡಿ ಒಬ್ಬರನ್ನೊಬ್ಬರು ಬೀಳಿಸುತ್ತಾರೆ, ಪಟಾಕಿ ಹೊಡೆಯುತ್ತಾರೆ. ಕ್ಯಾಮೆರಾ ಕದಲುವುದಿಲ್ಲ, ಮುಖಗಳೂ ಕದಲುವುದಿಲ್ಲ. ಗುಂಡು ಹಾರುವುದು ಎಚ್ಚರಿಕೆ ಕೊಡದೆ, ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಜೋ ಹಿಸಾಯಿಶಿ ಅವರ ಸಂಗೀತವೊಂದು ಅಲೆಯ ಹಾಗೆ ಮತ್ತೆ ಮತ್ತೆ ಬರುತ್ತದೆ. ಜಪಾನಿನಲ್ಲಿ ಜನ ಬರಲಿಲ್ಲ, ಫ್ರಾನ್ಸಿನ ಕಾನ್ ಚಿತ್ರೋತ್ಸವದಿಂದ ಹೊರದೇಶಗಳಲ್ಲಿ ಹೆಸರಾಯಿತು.

2010ರ 'ಔಟ್‌ರೇಜ್' ಅದೇ ಮನುಷ್ಯ ತೆಗೆದದ್ದೇ ಎಂದು ಅನುಮಾನ ಬರುವಷ್ಟು ಬೇರೆ. 109 ನಿಮಿಷ ಪೂರ್ತಿ ಕಪ್ಪು ಕಾರು, ಕಪ್ಪು ಸೂಟು, ಕುರ್ಚಿ, ಬೈಗುಳ. ದುಬಾರಿ ಬಿಲ್ಲು ಹಾಕಿ ಗಿರಾಕಿ ದೋಚುವ ಒಂದು ಬಾರಿನ ಚಿಲ್ಲರೆ ಜಗಳ ಮೇಲಕ್ಕೇರುತ್ತ ಹೋಗಿ ಎಲ್ಲರನ್ನೂ ನುಂಗುತ್ತದೆ. ದೊಡ್ಡ ಕಂಪನಿಯೊಂದರ ಮೇಲಧಿಕಾರಿ, ಮಧ್ಯದ ಮ್ಯಾನೇಜರು, ಕೊಳಕು ಕೆಲಸಕ್ಕೊಬ್ಬ ಕೆಳಗಿನವನು ಎಂದು ಓದಿಕೊಳ್ಳಿ, ಸರಿಯಾಗಿ ಕೂರುತ್ತದೆ. ಯಮಮೊರಿಯ ಮೊಮ್ಮಕ್ಕಳು ಇವರು. ಹಲ್ಲಿನ ಡಾಕ್ಟರ ಕುರ್ಚಿಯ ದೃಶ್ಯವೊಂದಿದೆ, ಆ ವಾರ ಹಲ್ಲು ತೋರಿಸಲು ಹೋಗುವವರು ಸಿನಿಮಾ ಮುಂದಕ್ಕೆ ಹಾಕುವುದು ಒಳ್ಳೆಯದು. ಮಾತು, ಸಂಚು ಇಷ್ಟಪಡುವವರು 'ಔಟ್‌ರೇಜ್' ಹಿಡಿಯಲಿ. 2012 ಮತ್ತು 2017ರಲ್ಲಿ ಬಂದ ಮುಂದಿನ ಎರಡು ಭಾಗಗಳಲ್ಲಿ 2012ರದು ವಾಸಿ. ಮೌನ ತಡೆದುಕೊಳ್ಳಬಲ್ಲವರಿಗೆ 'ಸೊನಾಟಿನೆ'. ಒಂದೇ ಸಿನಿಮಾ ನೋಡುತ್ತೇವೆ ಎನ್ನುವವರಿಗೂ 'ಸೊನಾಟಿನೆ'ಯೇ, ಆದರೆ ಮೊಬೈಲು ಬೇರೆ ಕೋಣೆಯಲ್ಲಿಟ್ಟು.

ಪೊಲೀಸರು ಮತ್ತು ಹೆಂಗಸರು

ಪೊಲೀಸು-ರೌಡಿ ನಂಟಿನ ಕಥೆಗೆ ಫುಕಸಾಕು ಮತ್ತು ಕಸಹರ ಜೋಡಿಯ 1975ರ 'ಕಾಪ್ಸ್ ವರ್ಸಸ್ ಥಗ್ಸ್', ಇಲ್ಲವೇ ಕಜುಯ ಶಿರಾಯಿಶಿ ಅವರ 2018ರ 'ದಿ ಬ್ಲಡ್ ಆಫ್ ವುಲ್ವ್ಸ್'. ಎರಡನೆಯದು ಮೊದಲನೆಯದರ ಮೊಮ್ಮಗು. ಅದರ ಮೂಲ ಕಾದಂಬರಿ ಬರೆದ ಯೂಕೊ ಯುಝುಕಿ 1970ರ ದಶಕದ ಆ ಸಿನಿಮಾಗಳ ಪ್ರಭಾವವನ್ನು ಮುಚ್ಚಿಟ್ಟಿಲ್ಲ. ಹೊಸದರಲ್ಲಿ ಕೋಜಿ ಯಕುಶೊ ಅವರ ಹೊಲಸು ಬಾಯಿಯ ಪೊಲೀಸು ಸೊಗಸು, ಕಥೆ ಹೊಸಬರಿಗೂ ಸಲೀಸು. ಆದರೆ ಕೊನೆಗೆ ಅದು ಪೊಲೀಸಿನವನಲ್ಲಿ ಒಂದು ನ್ಯಾಯ ಹುಡುಕಿಕೊಡುತ್ತದೆ. ಹಳೆಯದು ಯಾರಿಗೂ ಅಂಥ ರಿಯಾಯಿತಿ ಕೊಡುವುದಿಲ್ಲ.

ಹೆಂಗಸರು ಮುಂದೆ ನಿಂತ ಸಿನಿಮಾ ಬೇಕೆಂದರೆ 'ಹಿಬೊತನ್ ಬಕುತೊ', ಇಂಗ್ಲಿಷಿನಲ್ಲಿ 'ರೆಡ್ ಪಿಯೊನಿ ಗ್ಯಾಂಬ್ಲರ್'. 1968ರಿಂದ 1972ರವರೆಗೆ ಎಂಟು ಬಂದವು, ಇವುಗಳ ನಾಯಕಿ ಓರ್ಯುವಾಗಿ ನಟಿಸಿದವರು ಜುಂಕೊ ಫುಜಿ. ಎಂಟನ್ನೂ ನೋಡಬೇಕಿಲ್ಲ. ತಾಯ್ ಕತೊ ನಿರ್ದೇಶಿಸಿದ 1969ರ ಮೂರನೆಯದು, 1970ರ ಆರನೆಯದು ಸಾಕು. ಕ್ಯಾಮೆರಾ ನೆಲಕ್ಕೆ ಅಂಟಿದ ಹಾಗೆ ಕೆಳಗಿರುತ್ತದೆ. ಆರನೆಯದರಲ್ಲಿ ಹಿಮ ಬೀಳುವ ಸೇತುವೆಯ ಮೇಲೆ ಒಂದು ಕಿತ್ತಳೆ ಉರುಳುವ ಕ್ಷಣವಿದೆ, ನಿಂಕ್ಯೊ ಸಿನಿಮಾಗಳ ಪ್ರೀತಿ ಅಷ್ಟರಲ್ಲೇ ಮುಗಿಯುತ್ತದೆ. ಇದರ ಎದುರು ಬದಿಯಲ್ಲಿ ಜೂಜೊ ಇತಾಮಿ ಅವರ 1992ರ 'ಮಿಂಬೊ ನೊ ಒನ್ನ'. ಹೋಟೆಲೊಂದನ್ನು ಪೀಡಿಸುವ ಯಾಕುಜಾಗಳನ್ನು ವಕೀಲೆಯೊಬ್ಬಳು ಕಾನೂನಿನಿಂದಲೇ ಮಟ್ಟ ಹಾಕುವ ಹಾಸ್ಯ. ಹೇಗೆ ಬೆದರಿಸುತ್ತಾರೆ, ಯಾವ ಮಾತು ಆಡಬಾರದು, ಯಾವುದಕ್ಕೆ ಸಹಿ ಹಾಕಬಾರದು, ಎಲ್ಲ ಕೈಪಿಡಿಯ ಹಾಗೆ. ಬಿಡುಗಡೆಯಾಗಿ ಒಂದು ವಾರ ತುಂಬುವ ಮೊದಲೇ ಇತಾಮಿ ಅವರ ಮನೆಯ ಬಳಿ ಯಾಕುಜಾಗಳು ಅವರ ಮುಖ ಕೊಯ್ದರು. ಇಷ್ಟೊಂದು ಸಿನಿಮಾಗಳ ನಡುವೆ ಯಾಕುಜಾಗಳಿಗೆ ನಿಜವಾಗಿ ನೋವು ಮಾಡಿದ್ದು ತಮ್ಮನ್ನು ನೋಡಿ ನಕ್ಕ ಸಿನಿಮಾ.

ಗುಂಪು ಕರಗಿದ ಮೇಲೆ

1963ರಲ್ಲಿ ಜಪಾನಿನ ಪೊಲೀಸರ ಲೆಕ್ಕಕ್ಕೆ ಸುಮಾರು 1,84,000 ಯಾಕುಜಾಗಳಿದ್ದರು. 2024ರ ಕೊನೆಗೆ ಅದು 18,800ರ ಆಸುಪಾಸಿಗೆ ಇಳಿದಿತ್ತು. ಯಾಕುಜಾಗಳನ್ನು ಹತ್ತಿಕ್ಕುವ 1992ರ ಕಾನೂನು, 2011ರ ಹೊತ್ತಿಗೆ ಎಲ್ಲ ಪ್ರಾಂತಗಳಲ್ಲೂ ಬಂದ ಬಹಿಷ್ಕಾರದ ನಿಯಮಗಳು ಇದಕ್ಕೆ ದೊಡ್ಡ ಕಾರಣ. ಗುಂಪು ಬಿಟ್ಟ ಮೇಲೂ ಐದು ವರ್ಷ ಬ್ಯಾಂಕ್ ಖಾತೆ, ಮೊಬೈಲು, ಬಾಡಿಗೆ ಮನೆ ಸಿಗುವುದು ಕಷ್ಟ. ಈ ಐದು ವರ್ಷದ ಲೆಕ್ಕ ಗೊತ್ತಿದ್ದು ನೋಡಿದರೆ ಮುಂದಿನೆರಡು ಸಿನಿಮಾಗಳ ತೂಕ ತಿಳಿಯುತ್ತದೆ.

ಮಿಚಿಹಿತೊ ಫುಜಿಯಿ ಅವರ 'ಎ ಫ್ಯಾಮಿಲಿ' 2021ರಲ್ಲಿ ಬಂತು, ನೆಟ್‌ಫ್ಲಿಕ್ಸಿಗೂ ಬಂತು. 1999, 2005, 2019 ಎಂದು ಮೂರು ಕಾಲದ ತುಂಡುಗಳು. ಅಪ್ಪನಿಲ್ಲದ ಹುಡುಗ ಒಯಾಬುನ್‌ನಲ್ಲಿ ಅಪ್ಪನನ್ನು ಕಂಡುಕೊಳ್ಳುತ್ತಾನೆ, ಜೈಲಿನಿಂದ ಬರುವಾಗ ಆ ಮನೆಯಲ್ಲಿ ನಾಲ್ಕೈದು ಮುದುಕರಷ್ಟೇ ಉಳಿದಿದ್ದಾರೆ. ಮೊದಲ ತುಂಡು ಬಿರುಸು, ಮೂರನೆಯದು ಅಳಿಸುತ್ತದೆ, ಕೆಲವೆಡೆ ಅಳಿಸಲೆಂದೇ ಅಳಿಸುತ್ತದೆ. ಮಿವ ನಿಶಿಕಾವ ಅವರ 'ಅಂಡರ್ ದಿ ಓಪನ್ ಸ್ಕೈ' ಅಂಥ ಒತ್ತಾಯ ಮಾಡುವುದಿಲ್ಲ. 13 ವರ್ಷ ಜೈಲಿನಲ್ಲಿದ್ದ ಮಿಕಾಮಿ ಹೊರಬರುತ್ತಾನೆ. ರಕ್ತದೊತ್ತಡ ಏರಿದೆ. ಸರ್ಕಾರದ ನೆರವಿಗೆ ಅರ್ಜಿ ಹಾಕಬೇಕು. ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದಿದೆ, ಪರೀಕ್ಷೆಗೆ ಹೋದರೆ ಫೇಲು. ಜೈಲಿನಲ್ಲಿ ಕಲಿತ ಹೊಲಿಗೆ ಮಾತ್ರ ಚೆನ್ನಾಗಿ ಬರುತ್ತದೆ. ಸಿಟ್ಟು ಒಮ್ಮೆ ಬಂದರೆ ಇಷ್ಟೂ ಹೋಗುತ್ತದೆ. ಮಿಕಾಮಿಯಾಗಿ ಕೋಜಿ ಯಕುಶೊ ಸಿಟ್ಟು ನುಂಗುವ ಆ ದೃಶ್ಯಗಳನ್ನು ನೋಡುವಾಗ 1968ರ ತ್ಸುರುತ ನೆನಪಾಗುತ್ತಾರೆ. ತಾಳ್ಮೆ ಅದೇ, ಕೊನೆಗೆ ನಡೆದು ಹೋಗಲು ಶತ್ರುವಿನ ಮನೆ ಮಾತ್ರ ಇಲ್ಲ. ಎರಡರಲ್ಲಿ ಒಂದು ಎಂದರೆ ಇದೇ.

ಪ್ರತಿ ಕೊಳ್ಳುವಾಗ, ಹುಡುಕುವಾಗ

ಡಿಸ್ಕ್ ತರಿಸುವವರು ರೀಜನ್ ನೋಡಿ. ಅಮೆರಿಕದ ಬ್ಲೂ-ರೇ ಎ, ಬ್ರಿಟನ್ನಿನದು ಬಿ, ಭಾರತದ್ದು ಸಿ. ಇಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ಬೀಗ ಹಾಕಿದ ಎ ಅಥವಾ ಬಿ ಡಿಸ್ಕ್ ಓಡುವುದಿಲ್ಲ. ಸುಝುಕಿ, ಶಿನೊದ ಸಿನಿಮಾಗಳ ಒಳ್ಳೆಯ ಪ್ರತಿ ಕ್ರೈಟೀರಿಯನ್ ಎಂಬ ಡಿಸ್ಕ್ ಕಂಪನಿಯದು, ಫುಕಸಾಕು ಅವರದು ಆ್ಯರೊ ಎಂಬ ಕಂಪನಿಯದು. ಹಳೆಯ ಯುರೋಪಿನ ಡಿವಿಡಿಯಲ್ಲಿ 100 ನಿಮಿಷದ ಸಿನಿಮಾ 96 ನಿಮಿಷ ಎಂದು ತೋರಿಸಿದರೆ ಕತ್ತರಿಸಿದ್ದಾರೆಂದು ಗಾಬರಿ ಬೇಡ. ಅಲ್ಲಿನ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 24 ಚಿತ್ರದ ಬದಲು 25 ಓಡುತ್ತವೆ, ಅಷ್ಟೇ. ಅದಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಕತ್ತರಿ ಬಿದ್ದಿದೆ.

ತೋಯೆಯ ಈ ಸಿನಿಮಾಗಳೆಲ್ಲ ಅಗಲ ಪರದೆಯವು. ಚೌಕಾಕಾರದಲ್ಲಿ, ಎರಡೂ ಬದಿ ಕತ್ತರಿಸಿದ ಪ್ರತಿ ಅಂತರ್ಜಾಲದಲ್ಲಿ ಸಿಕ್ಕರೆ ಬಿಟ್ಟುಬಿಡಿ. ಬಟ್ಟಲು ಹಂಚುವ ಶಾಸ್ತ್ರದಲ್ಲಿ ಯಾರು ತುದಿಯಲ್ಲಿ ಕೂತಿದ್ದಾನೆ ಅನ್ನುವುದೇ ಕಥೆ, ಆ ತುದಿಯೇ ಅಲ್ಲಿ ಇರುವುದಿಲ್ಲ. ಹೆಸರುಗಳ ಬಗ್ಗೆ ಇನ್ನೊಂದು: ಜಪಾನಿನಲ್ಲಿ ಮನೆತನದ ಹೆಸರು ಮೊದಲು. ಪಾತ್ರಗಳು 'ಹಿರೊನೊ' ಎಂದು ಕೂಗುತ್ತಿದ್ದರೆ ಕೆಲವು ಸಬ್‌ಟೈಟಲ್ 'ಶೋಜೊ' ಎಂದು ತೋರಿಸುತ್ತವೆ. ಇಬ್ಬರಲ್ಲ, ಒಬ್ಬನೇ.

ನಾಲ್ಕು ಸಂಜೆಯಷ್ಟೇ ಇದ್ದರೆ ಈ ಕ್ರಮ ಹಿಡಿಯಿರಿ: 'ಸೋಚೋ ತೊಬಾಕು', ಮಾರನೇ ದಿನವೇ 'ಜಿಂಗಿ ನಾಕಿ ತತಕಾಯ್' ಮೊದಲ ಭಾಗ, ಒಂದು ದಿನ ಬಿಟ್ಟು 'ಸೊನಾಟಿನೆ', ಕೊನೆಗೆ 'ಅಂಡರ್ ದಿ ಓಪನ್ ಸ್ಕೈ'. ಮೊದಲನೆಯದು ಎಲ್ಲೂ ಸಿಗಲಿಲ್ಲವೆಂದರೆ ಓರ್ಯುವಿನ ಮೂರನೆಯದೋ ಆರನೆಯದೋ ಆ ಜಾಗ ತುಂಬುತ್ತದೆ. ಎರಡನೆಯ ಸಂಜೆಗೆ ಮಾತ್ರ ಬದಲಿ ಇಲ್ಲ.